ಮೀನಿಗೂ ಒಂದು ಹದ: ಮಲಪ್ರಭೆಯ ದಡದಲ್ಲಿ ಗಾಳದ ದಿನ



ಇಂಗ್ಲೆಂಡಿನ ಗಾಳಗಾರರು ಸಾಲ್ಮನ್ ಮತ್ತು ಟ್ರೌಟ್ ಮೀನುಗಳನ್ನು ಕುಲೀನವೆಂದು ಎಣಿಸಿ, ಹೊಳೆಯ ಉಳಿದ ಮೀನುಗಳನ್ನೆಲ್ಲ ಒರಟು ಮೀನುಗಳೆಂದು ಕರೆದರು. ಜಾತಿ ಎಣಿಸುವ ಬುದ್ಧಿ ಮೀನನ್ನೂ ಬಿಡಲಿಲ್ಲ! ಆದರೆ ಅದೇ ದೇಶ 1878ರಲ್ಲಿ ಆ ಒರಟು ಮೀನುಗಳ ರಕ್ಷಣೆಗಾಗಿಯೂ ಕಾಯ್ದೆ ಮಾಡಿತು. ಅವು ಮೊಟ್ಟೆಯಿಡುವ ಕಾಲವಾದ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಗಾಳ ಹಾಕಬಾರದೆಂಬ ಕಟ್ಟಳೆ ಅಲ್ಲಿನ ನದಿಗಳಲ್ಲಿ ಇಂದಿಗೂ ಉಳಿದಿದೆ.

ಅಂಥ ಸಾಮಾನ್ಯ ಮೀನುಗಳ ಬೇಟೆಯನ್ನು ಕಾಣಲು ರಾಮದುರ್ಗ ತಾಲ್ಲೂಕಿನ ಸುರೇಬಾನದ ಸೀಮೆಗೆ ಇಳಿಯಬೇಕು. ಶಬರಿಕೊಳ್ಳದಿಂದ ಹೆಸರಾದ ಊರು ಅದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ, ಕಾಡನ್ನೂ ಭತ್ತದ ಗದ್ದೆಗಳನ್ನೂ ಹಿಂದೆ ಬಿಟ್ಟು, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಜೋಳ ಬೆಳೆಯುವ ಈ ಸೀಮೆಗೆ ಬರುತ್ತಾಳೆ. ಗುಡ್ಡದ ಹಳ್ಳಿಯವರಿಗೆ ಅದು ದೂರದ ಊರೆನಿಸಬಹುದು. ಹೊಳೆಗೆ ಮಾತ್ರ ಅದು ಒಂದೇ ದಾರಿ.

ಗಾಳದ ದಿನ ನಸುಕಿನಲ್ಲಿಯೇ ಆರಂಭವಾಗುತ್ತದೆ. ಸಾಮಗ್ರಿ ಹೆಚ್ಚಿಲ್ಲ. ಒಂದು ಬಿದಿರಿನ ಕೋಲು, ನೈಲಾನ್ ದಾರ, ಪೇಟೆಯ ಕೊಕ್ಕೆ, ಒಣಗಿದ ಜೋಳದ ದಂಟಿನಿಂದ ಮಾಡಿದ ಬೆಂಡು. ತಿಪ್ಪೆಯ ಅಂಚನ್ನು ಕೆದಕಿದರೆ ಎರೆಹುಳು. ಅದೂ ಇಲ್ಲವಾದರೆ ಹಿಟ್ಟಿನ ಉಂಡೆ. ಬಿಸಿಲೇರುವ ಮುನ್ನ ದಡದ ತೆಳುನೀರಿಗೆ ಗೆಂಡೆಗಳು ಮೇಯಲು ಬರುತ್ತವೆ. ಬೆಂಡು ಎರಡು ಬಾರಿ ತುಯ್ದು ಓರೆಯಾಗಿ ಸರಿದರೆ ಗೆಂಡೆ. ಒಮ್ಮೆಲೇ ಮುಳುಗಿದರೆ ಕೊರವ ಇದ್ದೀತು. ತಳದಲ್ಲಿ ಹುಳುವನ್ನು ನುಂಗಿದ ಗಿರ್ಲು ಕೈಗೆ ಬಂದಾಗ ಗಿರ್‌ಗುಟ್ಟುತ್ತದೆ. ಅದರ ಮುಳ್ಳು ತಾಗಿದ ಬೆರಳು ಬಹಳ ಹೊತ್ತು ಉರಿಯುತ್ತದೆ. ನಡುಹಗಲಿನಲ್ಲಿ ಹೊಳೆ ಸುಮ್ಮನಾಗುತ್ತದೆ. ಆಗ ಜಾಲಿಯ ನೆರಳು, ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಇಳಿಹೊತ್ತಿಗೆ ಮತ್ತೆ ಕೋಲು ಹಿಡಿದರೆ, ದೀಪ ಹಚ್ಚುವ ವೇಳೆಗೆ ಮನೆಮಂದಿಯ ಒಂದು ಹೊತ್ತಿನ ಸಾರಿಗೆ ಸಾಲುವಷ್ಟು ಮೀನು ಚೀಲದಲ್ಲಿರುತ್ತದೆ.

ಆ ಚೀಲವನ್ನು ಬಿಚ್ಚಿ ನೋಡುವುದು ವಿಜ್ಞಾನದ ಕೆಲಸ. ಅದರಲ್ಲಿ ಗೆಂಡೆ ಎಷ್ಟು, ಜಿಲೇಬಿ ಎಷ್ಟು? ಜಿಲೇಬಿ ಎಂಬುದು ಆಫ್ರಿಕದ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತರಲಾದ ಮೀನು. ತಾಯಿಮೀನು ಮೊಟ್ಟೆಗಳನ್ನು ಬಾಯಿಯಲ್ಲಿಯೇ ಇಟ್ಟುಕೊಂಡು ಮರಿ ಮಾಡುತ್ತದೆ. ಅದಕ್ಕೆ ಮಹಾಪೂರವೂ ಬೇಡ, ಹರಿವೂ ಬೇಡ. ನಿಂತ ನೀರಿನಲ್ಲಿಯೇ ವರ್ಷಕ್ಕೆ ಹಲವು ಬಾರಿ ಸಂಸಾರ ಬೆಳೆಸುತ್ತದೆ. ಹೊಳೆಯ ದೊಡ್ಡ ಗೆಂಡೆಗಳ ಬಾಳು ಹಾಗಲ್ಲ. ಅವುಗಳಿಗೆ ಮುಂಗಾರಿನ ಕೆಂಪು ನೀರು ಏರಬೇಕು, ದಡದ ಹುಲ್ಲು ಮುಳುಗಬೇಕು, ನೀರು ಮೈಗೆ ಎದುರಾಗಬೇಕು. ಆಗಲೇ ಅವು ಮೊಟ್ಟೆಯಿಡುತ್ತವೆ. ರೋಹು, ಕಾಟ್ಲಾಗಳ ಮೊಟ್ಟೆಯಾದರೆ ಬೆಚ್ಚನೆಯ ನೀರಿನಲ್ಲಿ ಒಂದು ದಿನ ಕಳೆಯುವುದರೊಳಗೆ ಒಡೆಯುತ್ತದೆ.

ಈ ಜಾತಿಯ ಮೀನುಗಳಿಗೆ ಬರಿಯ ನೀರು ಸಾಲದೆಂಬುದಕ್ಕೆ ಕೆರೆಯ ಸಾಕಣೆಯೇ ಸಾಕ್ಷಿ. ಕೆರೆ ತುಂಬಿದ್ದರೂ ರೋಹು, ಕಾಟ್ಲಾಗಳು ಅಲ್ಲಿ ಮೊಟ್ಟೆಯಿಡುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಞ್ಞಿ ಅವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಕುಟುಂಬದ ಮೀನುಗಳಿಂದ ಮೊಟ್ಟೆಯಿಡಿಸಿದರು. ಹೊಳೆಯ ಒಂದು ಪೂರ ಮಾಡುತ್ತಿದ್ದ ಕೆಲಸವನ್ನು ಸೂಜಿ ಮಾಡಬೇಕಾಯಿತು.

ಬಿತ್ತುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಳಿಜೋಳಕ್ಕೆ ಬೇಕಾದದ್ದು ಹದ. ಹಿಂಗಾರಿ ಬಿತ್ತನೆಯ ಹದ ತಪ್ಪಿದ ಮೇಲೆ ಎಷ್ಟು ಮಳೆ ಸುರಿದರೂ ರಾಶಿ ತುಂಬದು. ಮೀನಿಗೂ ಅಂಥದೇ ಹದವಿದೆ.

ಸುರೇಬಾನದಿಂದ ಮೇಲಕ್ಕೆ, ಸವದತ್ತಿಯ ಬಳಿ, 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ರೇಣುಕಾಸಾಗರವಿದೆ. ಅದರ ಸಾಮರ್ಥ್ಯ 37.73 ಟಿಎಂಸಿ. ಬೇಸಿಗೆಯಲ್ಲಿ ಬರಿದಾದ ಜಲಾಶಯ ಗುಡ್ಡದ ಮೊದಲ ಪೂರವನ್ನು ಪೂರ್ತಿಯಾಗಿ ನುಂಗುತ್ತದೆ. ಅದು ತುಂಬಿದ ಮೇಲೆಯೇ ಕೆಳಗಿನ ಹೊಳೆಗೆ ಪಾಲು. ಅಷ್ಟರಲ್ಲಿ ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಮೀನಿನ ಹದ ಕಳೆದಿರುತ್ತದೆ. ಬಂದರೆ 2019ರ ಆಗಸ್ಟ್‌ನಲ್ಲಿ ಬಂದಂತೆ, ರಾಮದುರ್ಗದ ಮನೆಗಳಿಗೇ ನುಗ್ಗುವ ನೀರು. ಗೆಂಡೆ ಇನ್ನೂ ಗಾಳಕ್ಕೆ ಬೀಳುತ್ತಿದ್ದರೆ ಅದರಲ್ಲಿ ಅಣೆಕಟ್ಟಿನ ಕೆಳಗೆ ಹೊಳೆಗೆ ಸೇರುವ ಹಳ್ಳಗಳ ಪಾಲೂ ಇದೆ. ಜೂನ್ ತಿಂಗಳ ಮಳೆಗೆ ಅವು ತಮ್ಮಷ್ಟಕ್ಕೆ ಏರುತ್ತವೆ. ಅಂಥ ಹಳ್ಳದ ಮರಳನ್ನು ಲಾರಿಗೆ ತುಂಬುವವರು ಮೀನಿನ ತೊಟ್ಟಿಲನ್ನೂ ಹೊತ್ತೊಯ್ಯುತ್ತಾರೆ.

ಅಣೆಕಟ್ಟು ಬೇಡವೆಂಬುದು ಇಲ್ಲಿನ ವಾದವಲ್ಲ. ಅದರ ನೀರನ್ನೇ ನಂಬಿದ ಹೊಲಗಳಿವೆ, ನಲ್ಲಿಗಳಿವೆ. ಆದರೆ 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಾಧಿಕರಣವು ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಲು ಒಪ್ಪಿದಾಗಲೂ ಊರೂರಲ್ಲಿ ನಡೆದ ಚರ್ಚೆ ‘ಎಷ್ಟು’ ಎಂಬುದರದೇ. ‘ಯಾವಾಗ’ ಎಂದು ಕೇಳಿದವರು ವಿರಳ. ಜೂನ್-ಜುಲೈಯಲ್ಲಿ ಕೆಲವೇ ದಿನ, ಒಳಹರಿವಿನ ಒಂದಂಶವನ್ನು ಏರುವ ಹೊನಲಾಗಿ ಕೆಳಕ್ಕೆ ಬಿಟ್ಟರೂ ದಡದ ಹುಲ್ಲು ಮುಳುಗೀತು.

ಗುಡ್ಡದ ಊರುಗಳೂ ಈ ಲೆಕ್ಕದಿಂದ ಹೊರತಲ್ಲ. ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ನುಗ್ಗುವ ಹತ್ತುಮೀನನ್ನು ಕತ್ತಿಯಿಂದ ಕಡಿಯುವ, ಕೂಣಿಯಿಟ್ಟು ಬಾಚುವ ಸಂಭ್ರಮ ಮಲೆನಾಡಿಗೆ ಹೊಸದಲ್ಲ. ಅದು ಮೊಟ್ಟೆಯಿಡಲು ಹೊರಟ ಮೀನು. ತೋಟೆ ಸಿಡಿಸುವುದೂ ವಿಷ ಹಾಕುವುದೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ; ಇವುಗಳ ಮುಂದೆ ಸುರೇಬಾನದ ಬಿದಿರಿನ ಕೋಲು ಏನೂ ಅಲ್ಲ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಗಾಳಗಾರನ ಚೀಲವನ್ನು ನೋಡಿ, ಅವನ ಒಪ್ಪಿಗೆಯಿಂದ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ಹೊಳೆ ಏರಿತ್ತೋ ಇಳಿದಿತ್ತೋ, ಗೆಂಡೆ ಎಷ್ಟು, ಗಿರ್ಲು ಎಷ್ಟು, ಜಿಲೇಬಿ ಎಷ್ಟು, ಯಾವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯಿತ್ತು. ಊರಿನವರು ಕರೆಯುವ ಹೆಸರನ್ನೇ ಬರೆದರೆ ಸಾಕು. ಲ್ಯಾಟಿನ್ ಹೆಸರನ್ನು ಆಮೇಲೆ ಹುಡುಕಿಕೊಳ್ಳಬಹುದು. ಕಣಕುಂಬಿಯ ಕಡೆ ಒಂದು ನೋಟ್‌ಬುಕ್ಕು, ಸುರೇಬಾನದ ಕಡೆ ಇನ್ನೊಂದು. ಮೂರು ಮಳೆಗಾಲ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದೋಣ.