ಕರ್ಮಣಿ ಪ್ರಯೋಗದ ಪಾಠ: ಕನ್ನಡದ ದಾರಿಯಿಂದ ಇಂಗ್ಲಿಷಿಗೆ



ಇಂಗ್ಲಿಷಿನ ಕರ್ತರಿ ವಾಕ್ಯವನ್ನು ಕರ್ಮಣಿಗೆ ಪರಿವರ್ತಿಸುವ ಪಾಠವು ಕನ್ನಡ ಮಾಧ್ಯಮದ ತರಗತಿಗಳಲ್ಲಿ ಸಾಮಾನ್ಯವಾಗಿ ಸೂತ್ರದಿಂದಲೇ ಆರಂಭವಾಗುತ್ತದೆ. ಕರ್ಮವನ್ನು ಮೊದಲಿಗೆ ತರಬೇಕು, ಕ್ರಿಯಾಪದದ ಮೂರನೆಯ ರೂಪವನ್ನು ಬರೆಯಬೇಕು, ‘ಬೈ’ ಸೇರಿಸಿ ಕರ್ತೃವನ್ನು ಕೊನೆಗೆ ಕಳುಹಿಸಬೇಕು. ಅರ್ಥ ತಿಳಿಸಲು ‘ರಾಮನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು’ ಎಂಬ ವಾಕ್ಯವು ಕರಿಹಲಗೆಯನ್ನೇರುತ್ತದೆ. ವ್ಯಾಕರಣ ಪುಸ್ತಕದ ಹೊರಗೆ ಯಾವ ಮಗುವೂ ಹೀಗೆ ನುಡಿಯುವುದಿಲ್ಲ. ದ್ರಾವಿಡ ಭಾಷೆಗಳಿಗೆ ಇಂತಹ ಕರ್ಮಣಿ ಪ್ರಯೋಗವು ಸಹಜವಲ್ಲವೆಂಬುದನ್ನು ರಾಬರ್ಟ್ ಕಾಲ್ಡ್‌ವೆಲ್ ಅವರು 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿಯೇ ಗುರುತಿಸಿದ್ದರು. ಅಪರಿಚಿತವಾದುದನ್ನು ಅಪರಿಚಿತವಾದುದರಿಂದಲೇ ವಿವರಿಸಿದರೆ ಮಗುವಿಗೆ ಸೂತ್ರವಷ್ಟೇ ಉಳಿಯುತ್ತದೆ.

ಮಗುವಿನ ಬಾಯಲ್ಲಿರುವ ಕನ್ನಡ ಬೇರೆ. ‘1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು.’ ಸೇರಿಸಿದವರು ಯಾರು? ವಾಕ್ಯದಲ್ಲಿ ಕರ್ತೃಪದವೇ ಇಲ್ಲ. ಕ್ರಿಯಾಪದದ ಕೊನೆಯ ‘ಅರು’ ಮಾತ್ರ ಯಾರೋ ಇದ್ದಾರೆಂದು ಸೂಚಿಸುತ್ತದೆ. ಕಚೇರಿಯ ಕನ್ನಡವಾದರೆ ‘ಸೇರಿಸಲಾಯಿತು’ ಎಂದೀತು. ಇಂಗ್ಲಿಷ್ ವಾಕ್ಯವು ಕರ್ತೃಸ್ಥಾನವನ್ನು ಹೀಗೆ ಬರಿದಾಗಿ ಬಿಡಲಾರದು. ಆದುದರಿಂದ ಕರ್ಮವೇ ಆ ಸ್ಥಾನಕ್ಕೆ ಬರುತ್ತದೆ: ‘ಕಾಸರಗೋಡ್ ವಾಸ್ ಆಡೆಡ್ ಟು ಕೇರಳ ಇನ್ 1956.’ ಇಲ್ಲಿ ‘ಬೈ’ ಇಲ್ಲ, ಬೇಕಾಗಿಯೂ ಇಲ್ಲ. ‘ಯಾರು?’ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ಒಳ್ಳೆಯದೇ. ಸಂಸತ್ತು ಅಂಗೀಕರಿಸಿದ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಹೆಸರು ಆಗ ಬರುತ್ತದೆ. ಕರ್ತೃವನ್ನು ಹೇಳುವುದಕ್ಕೂ ಮರೆಸುವುದಕ್ಕೂ ಇರುವ ಅಂತರ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಗಡಿಯಾಚೆಯ ಮಕ್ಕಳಿಗೆ ಈ ಅಂತರ ವ್ಯಾಕರಣಕ್ಕಷ್ಟೇ ಸೇರಿದ್ದಲ್ಲ.

‘ಇಂದ’ ಪ್ರತ್ಯಯದ ಬಗ್ಗೆ ಎಚ್ಚರಿಕೆ ಅಗತ್ಯ. ‘ರವಿಯಿಂದ’, ‘ಚಾಕುವಿನಿಂದ’, ‘ಊರಿನಿಂದ’ ಈ ಮೂರಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಕ್ರಮವಾಗಿ ‘ಬೈ’, ‘ವಿತ್’, ‘ಫ್ರಮ್’. ‘ಇಂದ ಎಂದರೆ ಬೈ’ ಎಂದು ಕಲಿತ ಮಗು ಹಣ್ಣನ್ನು ಕತ್ತರಿಸಿದ ಕೀರ್ತಿಯನ್ನು ಚಾಕುವಿಗೆ ಕೊಡುತ್ತದೆ.

ಇನ್ನೊಂದು ತಪ್ಪು ‘ವಾಸ್’ ಬಿಟ್ಟುಹೋಗುವುದು: ‘ದ ಲೆಟರ್ ರಿಟನ್ ಬೈ ರವಿ.’ ‘ಬರೆಯಲ್ಪಟ್ಟಿತು’ ಎಂಬುದು ಕಣ್ಣಿಗೆ ಒಂದೇ ಪದವಾದುದರಿಂದ ಇಂಗ್ಲಿಷಿನಲ್ಲಿಯೂ ಒಂದೇ ಪದ ಸಾಕೆಂದು ಮಗು ಭಾವಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಅಧ್ಯಾಪಕರಿಗೆ ಇಲ್ಲಿ ಮರಾಠಿಯ ನೆರವುಂಟು. ‘ಪತ್ರ ಲಿಹಿಲೇ ಗೇಲೇ’ ಎಂಬಲ್ಲಿ ಎರಡು ಪದಗಳು ಬಿಡಿಬಿಡಿಯಾಗಿಯೇ ಇವೆ. ಕ್ರಮ ಮಾತ್ರ ತಿರುವುಮುರುವು. ಹೊಸೂರು, ಆದೋನಿ, ಕಾಸರಗೋಡಿನ ಅಧ್ಯಾಪಕರಿಗೆ ಈ ಅನುಕೂಲವಿಲ್ಲ: ತಮಿಳಿನ ‘ಪಡು’, ತೆಲುಗಿನ ‘ಬಡು’, ಮಲಯಾಳದ ‘ಪೆಡು’ ಎಲ್ಲವೂ ಕನ್ನಡದ ‘ಪಡು’ವಿನ ಒಡಹುಟ್ಟುಗಳೇ.

ಅಕರ್ಮಕ ಕ್ರಿಯಾಪದಗಳಿಗೆ ಪರಿವರ್ತನೆಯಿಲ್ಲವೆಂಬುದು ಒಂದು ಮಾತಿನಲ್ಲಿ ಮುಗಿಯುವ ವಿಷಯ. ಪರೀಕ್ಷೆಯ ಪ್ರಶ್ನೆಗಳು ‘ಬೈ’ ಬಯಸುವುದು ನಿಜ. ಅದಕ್ಕೆ ಅಭ್ಯಾಸ ಬೇಕು. ಆದರೆ ಅದಕ್ಕೆ ಮೊದಲು, ಕನ್ನಡ ಪತ್ರಿಕೆಯ ಒಂದು ಸುದ್ದಿಯಲ್ಲಿ ಕರ್ತೃಪದವಿಲ್ಲದ ವಾಕ್ಯಗಳಿಗೆ ಗೆರೆ ಎಳೆಯಿಸಿ, ಅವನ್ನೇ ಇಂಗ್ಲಿಷಿಗೆ ತರಿಸುವುದು ಒಂದು ಅವಧಿಯ ಕೆಲಸ. ಸೂತ್ರವನ್ನು ಮರುದಿನ ಹೇಳಬಹುದು.