ಇಲ್ಲದ ಸಾಲ, ಇರುವ ಅಂಜಿಕೆ

(ಆಕಾಶವಾಣಿಯ ಕೃಪೆಯಿಂದ)

ಸಾಲಕ್ಕೆ ನಮ್ಮ ಹಿರಿಯರು ಋಣವೆಂದೂ ಹೆಸರಿಟ್ಟರು. ಅನ್ನದ ಋಣ, ಮಣ್ಣಿನ ಋಣ ಎನ್ನುವಾಗ ಆ ಮಾತಿಗೆ ಬರುವ ಗೌರವವೇ ಹಣದ ಸಾಲಕ್ಕೂ ಅಂಟಿಕೊಂಡಿತು. ಕೊಟ್ಟವನಿಗೆ ತೀರಿಸದೆ ಕಣ್ಣುಮುಚ್ಚಬಾರದೆಂಬ ನಂಬಿಕೆ ನಮ್ಮ ಚಳ್ಳಕೆರೆ ಸೀಮೆಯ ಬಡವರಲ್ಲಿ ಇಂದಿಗೂ ಗಟ್ಟಿ. ಈ ಸದ್ಗುಣವನ್ನೇ ಬಂಡವಾಳ ಮಾಡಿಕೊಂಡಿರುವ ಒಂದು ವಂಚನೆಯ ಬಗೆಗೆ ಎರಡು ಮಾತು ಹೇಳಬೇಕಾಗಿದೆ.

ನಿವೃತ್ತನಾದ ಮೇಲೆ ನಾನು ದೊಡ್ಡಉಳ್ಳಾರ್ತಿಯಲ್ಲಿ ನೆಲೆಸಿದ್ದೇನೆ. ಒಂದು ದಿನ ಬೆಳಿಗ್ಗೆ 6.30ಕ್ಕೆ ಫೋನು ಬಂತು. ನನ್ನ ಹೆಸರಿನಲ್ಲಿ 18,000 ರೂಪಾಯಿ ಬಾಕಿಯಿದೆಯಂತೆ; 11 ಗಂಟೆಯೊಳಗೆ ಕಟ್ಟದಿದ್ದರೆ ಪೊಲೀಸರು ಬರುವರಂತೆ; ನನ್ನ ಭಾವಚಿತ್ರ ಊರವರೆಲ್ಲರ ಫೋನಿಗೆ ಹೋಗುವುದಂತೆ. ನಾನು ಯಾರಲ್ಲಿಯೂ ಸಾಲ ಮಾಡಿದವನಲ್ಲ. ಆದರೂ ಕೈ ನಡುಗಿತು. ಫೋನು ಇಟ್ಟುಬಿಟ್ಟೆ. ಮನೆಯವರಿಗೂ ಹೇಳಲಿಲ್ಲ. 'ಮೇಷ್ಟ್ರಿಗೂ ಸಾಲವಂತೆ' ಎಂದು ಕಟ್ಟೆಯ ಮೇಲೆ ಮಾತು ಹುಟ್ಟೀತೆಂದು ನಾಚಿದೆ.

ಮೂರನೆಯ ದಿನ ನೆರೆಮನೆಯ ಮುದುಕಿ ಬಂದಳು. ಬೆಂಗಳೂರಿನಲ್ಲಿ ದುಡಿಯುವ ಮಗನ ಹೆಸರು ಹೇಳಿ ಅವಳಿಗೂ ಅಂಥದೇ ಕರೆ ಬಂದಿತ್ತು. ಎರಡು ಕುರಿ ಮಾರಿ, ಅಂಗಡಿಯ ಹುಡುಗನ ಕೈಯಲ್ಲಿ ಹಣ ಕಳುಹಿಸಿದ್ದಳು. ಮರುದಿನವೇ ಬಡ್ಡಿಯೆಂದು ಮತ್ತೆ ಕೇಳಿದರು. ಮಗನನ್ನು ವಿಚಾರಿಸಿದರೆ ಅವನು ಸಾಲವನ್ನೇ ಮಾಡಿರಲಿಲ್ಲ. "ಸುಳ್ಳೋ ದಿಟವೋ ತಿಳೀಲಿಲ್ಲ ಮೇಷ್ಟ್ರೇ, ಮಾನ ಹೋಗ್ತದಲ್ಲ ಅಂತ ಕಟ್ಟಿಬಿಟ್ಟೆ" ಎಂದಳು.

ಮೊದಲ ದಿನವೇ ನಾನು ನನಗೆ ಬಂದ ಕರೆಯ ಸಂಗತಿಯನ್ನು ನಾಲ್ವರಿಗೆ ಹೇಳಿದ್ದರೆ ಆ ಕುರಿಗಳು ಹಟ್ಟಿಯಲ್ಲಿಯೇ ಇರುತ್ತಿದ್ದವೇನೋ. ಜೀವನವಿಡೀ ಮಾತನ್ನೇ ನೆಚ್ಚಿ ಬದುಕಿದ ಅಧ್ಯಾಪಕ, ಮಾತನಾಡಬೇಕಾದ ದಿನ ಬಾಯಿ ಮುಚ್ಚಿಕೊಂಡಿದ್ದೆ.

ಹಿಂದಿನ ಸಾಲಕ್ಕೆ ಮುಖವಿತ್ತು. 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣಪರಿಹಾರದ ಕಾನೂನು ತಂದಾಗ ನಾನು ಹೈಸ್ಕೂಲು ಹುಡುಗ. ಅಂದಿನ ಸಾಹುಕಾರ ಎಷ್ಟೇ ಕಠಿಣನಾಗಿರಲಿ, ಕೇಳಿದರೆ ಪತ್ರವನ್ನು ಮುಂದಿಡಬೇಕಾಗಿತ್ತು, ಪತ್ರಕ್ಕೆ ಸಾಕ್ಷಿಯಿರುತ್ತಿತ್ತು. ಈ ಹೊಸ ಕಳ್ಳನಲ್ಲಿ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ, ಇರುವುದು ಅವಸರವೊಂದೇ. ಆದುದರಿಂದ ನಾವು ಅವಸರಪಡಬಾರದು. ಯಾವ ಸಂಸ್ಥೆ, ಯಾವ ದಿನದ ಸಾಲ, ಪತ್ರವೆಲ್ಲಿ ಎಂದು ಕೇಳಬೇಕು. ಅವನು ಕೊಟ್ಟ ಸಂಖ್ಯೆಯನ್ನು ಬಿಟ್ಟು, ನಮ್ಮ ಬ್ಯಾಂಕಿಗೆ ನಾವೇ ಹೋಗಿ ವಿಚಾರಿಸಬೇಕು. ಆಧಾರ್, ಖಾತೆ, ಒಟಿಪಿ ಯಾವುದನ್ನೂ ಹೇಳಕೂಡದು. ನಮ್ಮ ಹೆಸರಿನ ಸಾಲಗಳ ವಿವರವನ್ನು ಸಿಬಿಲ್ ಮೊದಲಾದ 4 ಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ಅದನ್ನು ತರಿಸಿ ನೋಡಬಹುದು.

ನಿಜವಾದ ಬಾಕಿಗೂ ಕಟ್ಟುಪಾಡುಂಟು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ವಸೂಲಿಯ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿತು. ಕಿರುಸಾಲದ ವಸೂಲಿಗಾಗಿ ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದು ಕರ್ನಾಟಕದ 2025ರ ಕಾನೂನು ಹೇಳುತ್ತದೆ. ಹಣ ಕೈಬಿಟ್ಟಿದ್ದರೆ ಒಡನೆಯೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಅದನ್ನು ತಡೆಹಿಡಿಯುವುದು ಕಷ್ಟ.

ಮುದುಕಿಯ ಹಣ ಇನ್ನೂ ಬಂದಿಲ್ಲ. ಅಂದು ಸಂಜೆ ಕಟ್ಟೆಯ ಮೇಲೆ ಕುಳಿತು, ಮೊದಲು ನನಗೆ ಬಂದ ಕರೆಯನ್ನೂ ನನ್ನ ನಡುಕವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಮೂವರು, "ನನಗೂ ಬಂದಿತ್ತು" ಎಂದರು.