ಕನ್ನಡದ ಗಂಟು ಒಬ್ಬನ ಮನೆಯಲ್ಲಿ ಬೇಡ

(ಕಲ್ಮಲದ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಬೆಂಗಳೂರಿನಿಂದ ಬಂದಿರುವ ಕಂಪ್ಯೂಟರ್ ಹುಡುಗರೇ,

ಈ ಸೀಮೆಗೆ ಬಂದ ಮೇಲೆ ದಾಸರ ಮಾತೆತ್ತದೆ ಹೋಗುವುದು ಹೇಗೆ? ವಿಜಯದಾಸರು ಹುಟ್ಟಿದ್ದು ಮಾನ್ವಿ ಕಡೆಯ ಚೀಕಲಪರವಿಯಲ್ಲಿ, ಜಗನ್ನಾಥದಾಸರು ಬ್ಯಾಗವಾಟದಲ್ಲಿ. ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರ ಊರು. ಅವರ ಹಾಡುಗಳನ್ನು ಕಾಪಾಡಲು ಯಾವ ದೊರೆಯೂ ಭಂಡಾರ ಕಟ್ಟಲಿಲ್ಲ. 1948ರವರೆಗೆ ಇಲ್ಲಿ ಆಳಿದ ನಿಜಾಮರಿಗೆ ಕನ್ನಡದ ಹಂಗೂ ಇರಲಿಲ್ಲ. ಹಾಡು ಉಳಿದದ್ದು ಮನೆಮನೆಯ ಓಲೆಗರಿಯಲ್ಲಿ, ಕೈಬರಹದ ಪುಸ್ತಕದಲ್ಲಿ, ನಮ್ಮ ಅವ್ವಂದಿರ ಬಾಯಲ್ಲಿ. ಒಂದು ಮನೆಯ ಕಟ್ಟಿಗೆ ಗೆದ್ದಲು ಹಿಡಿದರೆ ಇನ್ನೊಂದು ಮನೆಯಲ್ಲಿ ಅದರ ಪ್ರತಿ ಇರುತ್ತಿತ್ತು.

ಹಾಡಿನ ಕೊನೆಗೆ ಅಂಕಿತ ಇರುತ್ತದಲ್ಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಅಂತ, ಅದೇ ದೊಡ್ಡ ಜಾಣತನ. ಪ್ರತಿ ಯಾವ ಊರಿಗೆ ಹೋದರೂ ಬರೆದವರ ಗುರುತು ಜೊತೆಗೇ ಹೋಗುತ್ತದೆ.

ಈಗ ನಿಮ್ಮ ಕಾಲಕ್ಕೆ ಬನ್ನಿ. ಲಿನಕ್ಸ್ ಮುಂತಾದ ಮುಕ್ತ ತಂತ್ರಾಂಶಕ್ಕೆ ಕನ್ನಡ ಕಲಿಸಿದವರಲ್ಲಿ ಅನೇಕರು ಸಂಬಳವಿಲ್ಲದೆ ರಾತ್ರಿ ಕೂತು ದುಡಿದ ಹುಡುಗ ಹುಡುಗಿಯರು. 'ಫೈಲ್' ಅನ್ನುವುದು 'ಕಡತ' ಆಯಿತು. ಸುಮ್ಮನೆ ಆಯಿತೇ? 'ಕಡತ' ಸರ್ಕಾರಿ ಕಚೇರಿಯ ವಾಸನೆ ಹೊಡೆಯುತ್ತದೆ ಅಂತ ಒಬ್ಬ, 'ಫೈಲ್' ಅಂತಲೇ ಇರಲಿ ಅಂತ ಇನ್ನೊಬ್ಬ. ಇಂಥ ಒಂದೊಂದು ಪದದ ಹಿಂದೆಯೂ ಜಗಳ ಇರುತ್ತದೆ. ಪದ ಪರದೆಯ ಮೇಲೆ ಉಳಿಯುತ್ತದೆ. ಜಗಳ ಎಲ್ಲಿದೆ? ಅದೇ ನಮ್ಮ ನುಡಿಯ ನಿಜವಾದ ದಾಖಲೆ.

ಎಷ್ಟೋ ಮಾತು ಯಾರದೋ ಕಂಪನಿಯ ಜಗಲಿಯಲ್ಲಿ ನಡೆಯಿತು. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಆರ್ಕುಟ್‌ಗೆ ಬೀಗ ಹಾಕಿತು. ಅಲ್ಲಿ ಕನ್ನಡದ ಗುಂಪುಗಳೂ ಇದ್ದವು. 2016ರ ಜನವರಿಯಲ್ಲಿ ಗೂಗಲ್ ಕೋಡ್ ಮುಚ್ಚಿತು. ಬಹಳ ಮಂದಿ ಗಂಟು ಕಟ್ಟಿಕೊಂಡು ಹೋಗಿ ಸೇರಿದ್ದು ಗಿಟ್‌ಹಬ್ಬಿಗೆ. ಅದನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಬಾಡಿಗೆ ಮನೆ ಬದಲಾಯಿಸುವುದೇ ನಮ್ಮ ಪಾಡಾಯಿತು!

ಹಾಗಾದರೆ ಸರ್ಕಾರ ಒಂದು ದೊಡ್ಡ ಕನ್ನಡ ಭಂಡಾರ ಮಾಡಲಿ ಎನ್ನುತ್ತೀರಿ. ಮಾಡಲಿ, ಬೇಡ ಅನ್ನುವವರಾರು? ಆದರೆ ಅದೊಂದೇ ಸಾಲದು. ಅನುದಾನ ನಿಂತ ದಿನ ಅದರ ಸರ್ವರೂ ನಿಲ್ಲುತ್ತದೆ. ಕೂಡಿಸುವವರು ಬೇಕು ನಿಜ. ವಿಜಯಪುರದ ಫ.ಗು. ಹಳಕಟ್ಟಿಯವರು ಮನೆ, ಮಠ ಅಲೆದು ವಚನದ ಕಟ್ಟುಗಳನ್ನು ಹುಡುಕದಿದ್ದರೆ 1923ರಲ್ಲಿ 'ವಚನಶಾಸ್ತ್ರಸಾರ' ಎಲ್ಲಿ ಬರುತ್ತಿತ್ತು? ಆದರೆ ಅವರು ಕೂಡಿಸಿದ್ದು ಬೀರುವಿನಲ್ಲಿ ಬೀಗ ಹಾಕಿಡಲು ಅಲ್ಲ. ಅಚ್ಚು ಹಾಕಿ ಊರೂರಿಗೆ ಹಂಚಲು.

ಮನೆಮನೆಯ ಪ್ರತಿಗೆ ಒಂದು ರೋಗ ಉಂಟು, ಪಾಠಾಂತರ. ಬರೆದುಕೊಳ್ಳುವವನು ಒಂದು ಸಾಲು ಬಿಡುತ್ತಾನೆ, ಇನ್ನೊಬ್ಬ ತನ್ನದೊಂದು ಸೇರಿಸುತ್ತಾನೆ. ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಅನ್ನು ನೀವು ದಿನಾ ಬಳಸುತ್ತೀರಿ. ಪೂರ್ತಿ ಪ್ರತಿ ತೆಗೆದುಕೊಂಡವನ ಬಳಿ ಮೊದಲಿನಿಂದ ಕೊನೆಯವರೆಗಿನ ಚರಿತ್ರೆ ಇರುತ್ತದೆ. ಪ್ರತಿ ಬದಲಾವಣೆಗೂ ಅದರ ಬರಹದಿಂದಲೇ ಲೆಕ್ಕ ಹಾಕಿದ ಗುರುತು, ಆ ಲೆಕ್ಕದೊಳಗೆ ಹಿಂದಿನದರ ಗುರುತು. ನಡುವೆ ಒಂದಕ್ಷರ ತಿದ್ದಿದರೂ ಮುಂದಿನದೆಲ್ಲ ತಾಳೆಯಾಗುವುದಿಲ್ಲ. ರಾಯಚೂರಿನ ಪ್ರತಿಗೂ ಬೆಂಗಳೂರಿನ ಪ್ರತಿಗೂ ತಾಳೆ ನೋಡಲು ಯಾವ ಯಜಮಾನನ ಅಪ್ಪಣೆಯೂ ಬೇಡ.

ಆದರೆ ಒಂದು ಮೋಸವಿದೆ. ಗಿಟ್ಟಿನಲ್ಲಿ ಮನೆಗೆ ಬರುವುದು ಕೋಡು ಮಾತ್ರ. ಗಿಟ್‌ಹಬ್ಬಿನಲ್ಲಿ ನೀವಾಡಿದ ವಾದ, 'ಕಡತ'ದಂಥ ಜಗಳ, ಎಲ್ಲ ಕಂಪನಿಯ ಉಗ್ರಾಣದಲ್ಲೇ ಇರುತ್ತದೆ. ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಸಾದಾ ಪಠ್ಯದಲ್ಲಿ, ಯೂನಿಕೋಡಿನಲ್ಲಿ. ಫಾಂಟಿಗೊಂದು ಸಂಕೇತವಿದ್ದ ಕಾಲದ ಪತ್ರಿಕೆ ಫೈಲುಗಳನ್ನು ಇವತ್ತು ತೆರೆದು ನೋಡಿ, ಮಾಟದ ಚೀಟಿಯ ಹಾಗೆ ಕಾಣುತ್ತವೆ. ಆಡಿದವರ ಹೆಸರು ಅಂಕಿತದ ಹಾಗೆ ಪ್ರತಿ ಮಾತಿನ ಜೊತೆಗಿರಲಿ, ಫೋನ್ ನಂಬರು ಮಾತ್ರ ತೆಗೆದುಬಿಡಿ.

ಊರಿಗೆ ಹೋದ ಮೇಲೆ ನಿಮ್ಮ ಗುಂಪಿನ ಹಳೆಯ ಚರ್ಚೆಯೊಂದನ್ನು ಹಾಗೆ ಇಳಿಸಿ, ಕೋಡಿನ ಪಕ್ಕದಲ್ಲೇ ಇಡಿ. ಅದರ ಒಂದು ಪ್ರತಿ ರಾಯಚೂರಿನ ಹುಡುಗರಿಗೆ ಕೊಡಿ, ಇನ್ನೊಂದು ನಿಮ್ಮ ಜೊತೆ ಸದಾ ಜಗಳಾಡುವವನ ಕೈಗೇ ಕೊಡಿ. ಅವನು ಒಂದಕ್ಷರವನ್ನೂ ಅಳಿಸಲು ಬಿಡುವವನಲ್ಲ.